ಗಿಟಾರ್ ಟೀಚರ್‌ಗೆ ಕೇಳಿ: ಆರು ತಿಂಗಳಿಂದ ಇದ್ದಲ್ಲೇ ಇದ್ದೇನೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಮಸ್ತೆ. ಒಂದೂವರೆ ವರ್ಷದಿಂದ ವಿಡಿಯೋ ನೋಡಿಕೊಂಡೇ ಅಕೌಸ್ಟಿಕ್ ಗಿಟಾರ್ ಕಲಿಯುತ್ತಿದ್ದೇನೆ. ಸಿ, ಜಿ, ಡಿ, ಎ ಮೈನರ್, ಇ ಮೈನರ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಯುವ ಹಿಡಿತ) ಎಲ್ಲ ಬರುತ್ತೆ. ಆದರೆ ಹಾಡಿನ ಮಧ್ಯೆ ಕಾರ್ಡ್ ಬದಲಿಸುವಾಗ ಕೈ ನಿಂತುಬಿಡುತ್ತೆ. ವಾರದ ದಿನಗಳಲ್ಲಿ ಕೂರೋಕೆ ಆಗಲ್ಲ, ಭಾನುವಾರ ಎರಡು ಗಂಟೆ ಕೂರುತ್ತೇನೆ. ಆರು ತಿಂಗಳಿಂದ ಏನೂ ಸುಧಾರಿಸಿಲ್ಲ. ಕ್ಲಾಸ್‌ಗೆ ಸೇರಬೇಕಾ? ಇಲ್ಲ, ಇನ್ನೂ ಜಾಸ್ತಿ ಅಭ್ಯಾಸ ಮಾಡಬೇಕಾ?

ಉತ್ತರ: ನಮಸ್ತೆ. ಜಾಸ್ತಿ ಬೇಡ, ಆ ಎರಡು ಗಂಟೆಯನ್ನೇ ಏಳು ದಿನಕ್ಕೆ ಹಂಚಿ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಬಂತು, ಸಾಕು. ಬೆರಳು ಕಲಿತದ್ದು ಗಟ್ಟಿಯಾಗುವುದು ಅಭ್ಯಾಸ ಮುಗಿದ ಮೇಲೆ, ಅದರಲ್ಲೂ ನಿದ್ದೆ ಮಾಡುವಾಗ. ಭಾನುವಾರ ಮಾತ್ರ ಕೂತರೆ ವಾರಕ್ಕೆ ಒಂದೇ ರಾತ್ರಿ ಅದಕ್ಕೆ ಸಿಗುತ್ತದೆ. ಇನ್ನೊಂದು, ಗಿಟಾರನ್ನು ಬ್ಯಾಗಿನಲ್ಲಿ ಇಡಬೇಡಿ. ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜಿಪ್ ತೆಗೆಯುವ ಬೇಜಾರಿಗೇ ಎಷ್ಟೋ ಜನರ ಅಭ್ಯಾಸ ತಪ್ಪುತ್ತದೆ, ತಮಾಷೆಗೆ ಹೇಳುತ್ತಿಲ್ಲ.

ಆ ಇಪ್ಪತ್ತು ನಿಮಿಷದಲ್ಲಿ ಏನು ಮಾಡುತ್ತೀರಿ ಅನ್ನೋದು ಇನ್ನೂ ಮುಖ್ಯ. ನನ್ನ ಊಹೆ ಹೇಳಲಾ? ಹಾಡನ್ನು ಮೊದಲಿಂದ ಶುರು ಮಾಡುತ್ತೀರಿ, ಎಲ್ಲೋ ತಪ್ಪುತ್ತೀರಿ, ಮತ್ತೆ ಮೊದಲಿಂದ ಶುರು. ಹೀಗೆ ಮಾಡಿದರೆ ಬರುವ ಭಾಗಕ್ಕೇ ಮತ್ತೆ ಮತ್ತೆ ಅಭ್ಯಾಸ ಆಗುತ್ತದೆ. ತಪ್ಪುವ ಆ ಎರಡು ಸೆಕೆಂಡಿಗೆ ಆಗುವುದೇ ಇಲ್ಲ. ಆ ಎರಡು ಸೆಕೆಂಡನ್ನು ಮಾತ್ರ ಹಾಡಿನಿಂದ ಹೊರಗೆ ತೆಗೆಯಿರಿ. ಸಿ ಇಂದ ಜಿಗೆ ಹೋಗುವಾಗ ತಡವರಿಸುತ್ತೀರಾ? ಹಾಗಾದರೆ ಇವತ್ತು ಆ ಎರಡು ಕಾರ್ಡ್ ಅಷ್ಟೇ. ಮೊಬೈಲ್‌ನಲ್ಲಿ ಒಂದು ನಿಮಿಷ ಟೈಮರ್ ಇಟ್ಟು, ಎಷ್ಟು ಸಲ ಬದಲಾಯಿಸಿದಿರಿ ಎಣಿಸಿ ಬರೆದಿಡಿ. ನಾಳೆ ಮತ್ತೆ ಎಣಿಸಿ. ನಿಮಿಷಕ್ಕೆ 60ರ ಹತ್ತಿರ ಬಂದರೆ ಸಾಮಾನ್ಯ ವೇಗದ ಹಾಡುಗಳಲ್ಲಿ ಆ ಜೋಡಿ ನಿಮಗೆ ಕಾಟ ಕೊಡಲ್ಲ.

ಬೆರಳನ್ನು ಸುಮ್ನೆ ಎತ್ತಲೂ ಬೇಡಿ. ಸಿ ಇಂದ ಎ ಮೈನರ್‌ಗೆ ಹೋಗುವಾಗ ತೋರುಬೆರಳು, ಮಧ್ಯದ ಬೆರಳು ಇದ್ದಲ್ಲೇ ಇರುತ್ತವೆ. ಉಂಗುರದ ಬೆರಳು ಮಾತ್ರ ಐದನೇ ತಂತಿಯ ಮೂರನೇ ಫ್ರೆಟ್ ಬಿಟ್ಟು ಮೂರನೇ ತಂತಿಯ ಎರಡನೇ ಫ್ರೆಟ್‌ಗೆ ಬರುತ್ತದೆ. (ಅತಿ ತೆಳು ತಂತಿ ಒಂದನೆಯದು. ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳ ನಡುವಿನ ಮನೆ.) ಆದರೂ ಹೊಸಬರಲ್ಲಿ ಹೆಚ್ಚಿನವರು ಮೂರು ಬೆರಳನ್ನೂ ಗಾಳಿಗೆ ಎತ್ತಿ, ಮತ್ತೆ ಮೂರಕ್ಕೂ ಜಾಗ ಹುಡುಕುತ್ತಾರೆ.

ಪೂರ್ತಿ ಹಾಡು ನುಡಿಸುವಾಗ ಮಾತ್ರ ನಿಯಮ ಬೇರೆ. ಏನೇ ಆಗಲಿ, ಬಲಗೈ ನಿಲ್ಲಬಾರದು. ಎಡಗೈ ಇನ್ನೂ ದಾರಿಯಲ್ಲಿದ್ದರೆ ಖಾಲಿ ತಂತಿಯನ್ನೇ ಬಾರಿಸಿ. ಕಾರ್ಡ್ ಒಂದು ಕ್ಷಣ ಮಸುಕಾದರೆ ಕೇಳುವವರು ಗಮನಿಸುವುದೇ ಇಲ್ಲ. ತಾಳ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ.

ಕ್ಲಾಸ್ ವಿಷಯ: ಸೇರಿ, ಆದರೆ ವರ್ಷಗಟ್ಟಲೆ ಹೋಗಲೇಬೇಕು ಅಂತಿಲ್ಲ. ವಿಡಿಯೋದಲ್ಲಿರುವವರಿಗೆ ನಿಮ್ಮ ಕೈ ಕಾಣಲ್ಲ, ನೀವು ನುಡಿಸಿದ್ದು ಕೇಳಿಸಲ್ಲ. ಹೆಬ್ಬೆರಳು ತಪ್ಪು ಜಾಗದಲ್ಲಿದ್ದರೆ ಎದುರಿಗೆ ಕೂತ ಟೀಚರ್‌ಗೆ ಐದು ನಿಮಿಷದಲ್ಲಿ ಕಾಣುತ್ತದೆ. ಹದಿನೈದು ದಿನಕ್ಕೆ ಒಂದು ಕ್ಲಾಸ್ ಆದರೂ ಸರಿ, ಇಂಥ ಕಡೆ ಸಿಕ್ಕಿಕೊಂಡಿದ್ದೇನೆ ಅಂತ ತೋರಿಸಲು ಹೋಗಿ. ಮೊದಲ ದಿನವೇ ನಿಮ್ಮ ಕೈಗೆ ಗಿಟಾರ್ ಕೊಟ್ಟು "ನುಡಿಸಿ, ಕೇಳೋಣ" ಅನ್ನದೆ ಒಂದು ಗಂಟೆ ತಾವೇ ನುಡಿಸಿ ತೋರಿಸುವ ಟೀಚರ್ ಸಿಕ್ಕರೆ, ಬೇರೆಯವರನ್ನು ಹುಡುಕಿ.

ಮತ್ತೆ ಅವರೇ: ತುಂಬಾ ಥ್ಯಾಂಕ್ಸ್ ಮೇಡಂ. ಕ್ಲಾಸ್ ಸಿಗುವವರೆಗೆ ಏನಾದರೂ?

ಉತ್ತರ: ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಕೇಳುವುದು ಮಾತ್ರ ಮಾರನೇ ದಿನ. ನುಡಿಸುವಾಗ ಗಮನವೆಲ್ಲ ಬೆರಳ ಮೇಲಿರುತ್ತದೆ, ಕಿವಿ ಅರ್ಧ ಮುಚ್ಚಿದ ಹಾಗೇ. ಮಾರನೇ ದಿನ ಕೇಳಿದರೆ ಎಲ್ಲಿ ಓಡಿದಿರಿ, ಎಲ್ಲಿ ಎಳೆದಿರಿ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಬ್ಬರು: ಮೇಡಂ, ನಂದು ಎಫ್ ಕಾರ್ಡ್ ಗೋಳು. ತೋರುಬೆರಳಿಂದ ಆರೂ ತಂತಿ ಎಷ್ಟು ಗಟ್ಟಿಯಾಗಿ ಒತ್ತಿದರೂ ಎರಡು ತಂತಿ ಮೊಂಡಾಗಿ ಕೇಳಿಸುತ್ತವೆ. ನನ್ನ ಬೆರಳೇ ಸಣ್ಣದಾ?

ಉತ್ತರ: ಬೆರಳಿನದೇನೂ ತಪ್ಪಿಲ್ಲ. ಆರು ತಂತಿಯನ್ನೂ ಒತ್ತಲು ಹೊರಟಿದ್ದೀರಲ್ಲ, ಕಷ್ಟ ಆಗುತ್ತಿರುವುದು ಅಲ್ಲಿ. ಎಫ್‌ನಲ್ಲಿ ಐದು, ನಾಲ್ಕು, ಮೂರನೇ ತಂತಿಗಳನ್ನು ಉಳಿದ ಬೆರಳುಗಳು ನೋಡಿಕೊಳ್ಳುತ್ತವೆ. ತೋರುಬೆರಳು ಒತ್ತಬೇಕಾದ್ದು ಆರನೆಯದು, ಎರಡನೆಯದು, ಒಂದನೆಯದು ಮಾತ್ರ. ಬೆರಳನ್ನು ಚಪ್ಪಟೆಯಾಗಿ ಇಡಬೇಡಿ. ಹೆಬ್ಬೆರಳಿನ ಕಡೆಗೆ ಸ್ವಲ್ಪ ಹೊರಳಿಸಿ, ಗಟ್ಟಿ ಇರುವ ಪಕ್ಕದ ಅಂಚು ತಂತಿಗೆ ತಾಗಲಿ. ಫ್ರೆಟ್ ಪಟ್ಟಿಗೆ ಅಂಟಿಕೊಂಡಂತೆ ಇಡಿ, ಆಗ ಕಡಿಮೆ ಒತ್ತಡ ಸಾಕು. ಬಲವನ್ನೆಲ್ಲ ಹೆಬ್ಬೆರಳಿಂದ ಹಿಂಡಿ ತರಬೇಡಿ. ಮೊಣಕೈಯನ್ನು ನಿಧಾನ ಹಿಂದಕ್ಕೆ ಎಳೆದರೆ ತೋಳಿನ ಭಾರವೇ ಅರ್ಧ ಕೆಲಸ ಮಾಡುತ್ತದೆ.

ಶುರುವನ್ನು ಮೊದಲ ಫ್ರೆಟ್‌ನಲ್ಲಿ ಮಾಡಲೇಬೇಡಿ, ತಂತಿ ಅತಿ ಬಿಗಿ ಅನಿಸುವ ಜಾಗ ಅದು. ಇದೇ ಆಕಾರವನ್ನು ಐದನೇ ಫ್ರೆಟ್‌ನಲ್ಲಿ ಹಿಡಿಯಿರಿ, ಎ ಕಾರ್ಡ್ ಬರುತ್ತದೆ. ಅಲ್ಲಿ ಆರೂ ತಂತಿ ಚೊಕ್ಕವಾಗಿ ಕೇಳಿಸಿದ ಮೇಲೆ ಒಂದೊಂದೇ ಫ್ರೆಟ್ ಇಳಿಯುತ್ತಾ ಮೊದಲ ಫ್ರೆಟ್ ಕಡೆಗೆ ಬನ್ನಿ.

ಇಷ್ಟಾದರೂ ಬರದಿದ್ದರೆ ಗಿಟಾರನ್ನೇ ಅನುಮಾನಿಸಿ. ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಅದೇ ಆಕಾರವನ್ನು ಎರಡನೇ ಫ್ರೆಟ್‌ನಲ್ಲಿ ಹಿಡಿದು ನೋಡಿ. ತಟ್ಟನೆ ಹಗುರ ಅನಿಸಿದರೆ ನಿಮ್ಮ ಗಿಟಾರಿನ ನಟ್, ಅಂದರೆ ತಲೆಯ ಹತ್ತಿರ ತಂತಿ ಕೂರುವ ಆ ಪಟ್ಟಿ, ಬೇಕಾದ್ದಕ್ಕಿಂತ ಎತ್ತರ ಇದೆ. ತಂತಿಯೂ ನೋಡಿ. ಅಕೌಸ್ಟಿಕ್‌ನಲ್ಲಿ 12ರ ಸೆಟ್ ಇದ್ದರೆ 11 ಅಥವಾ 10ಕ್ಕೆ ಇಳಿಯಬಹುದು. ಈ ಅಂಕಿ ಮೊದಲ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ.

ಮತ್ತೊಬ್ಬರು: ತಾಳಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಹಾಕಿದರೆ ತಲೆ ಕೆಡುತ್ತೆ. ಅದಿಲ್ಲದೇ ಚೆನ್ನಾಗೇ ನುಡಿಸುತ್ತೇನೆ. ಬೇಕೇ ಬೇಕಾ?

ಉತ್ತರ: ಅದಿಲ್ಲದಾಗ ತಪ್ಪು ಗೊತ್ತಾಗುತ್ತಿಲ್ಲ ಅಷ್ಟೇ. 60ಕ್ಕೆ ಇಡಿ, ಸೆಕೆಂಡಿಗೆ ಒಂದು ಟಿಕ್. ಮೊದಲು ಗಿಟಾರ್ ಮುಟ್ಟಬೇಡಿ, ಟಿಕ್ ಜೊತೆ ಕೈ ತಟ್ಟಿ. ಆಮೇಲೆ ಒಂದೇ ಕಾರ್ಡ್, ಬರೀ ಡೌನ್ ಸ್ಟ್ರೋಕ್, ಅಂದರೆ ಮೇಲಿಂದ ಕೆಳಗೆ ಮಾತ್ರ ಬಾರಿಸುವುದು. ತಪ್ಪಿಲ್ಲದೆ ಬಂದಾಗ ನಾಲ್ಕೈದು ಅಂಕಿ ಏರಿಸಿ. ಸದ್ದೇ ಕಿರಿಕಿರಿ ಆದರೆ ಡ್ರಮ್ ಟ್ರ್ಯಾಕ್ ಹಾಕಿಕೊಳ್ಳಿ, ಅದೂ ನಡೆಯುತ್ತದೆ.

ಮತ್ತೊಬ್ಬರು: ಆನ್‌ಲೈನ್‌ನಲ್ಲಿ ಯಾವುದು ನಂಬಬಹುದು ಮೇಡಂ? ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಬರೆದ ಹಾಳೆ) ನೋಡಿ ನುಡಿಸಿದರೆ ಹಾಡಿಗೆ ಹೊಂದುವುದೇ ಇಲ್ಲ.

ಉತ್ತರ: ಅಲ್ಟಿಮೇಟ್ ಗಿಟಾರ್‌ನಂಥ ಕಡೆ ಹೆಚ್ಚಿನ ಟ್ಯಾಬ್ ಹಾಕುವವರು ನಮ್ಮ ನಿಮ್ಮಂಥವರೇ. ತಪ್ಪು ಸಾಮಾನ್ಯ, ಎರಡು ಮೂರು ಆವೃತ್ತಿ ಪಕ್ಕಪಕ್ಕ ಇಟ್ಟು ನೋಡಿ. ಬರೀ ಅಕ್ಷರದಲ್ಲಿ ಬರೆದ ಟ್ಯಾಬ್‌ನಲ್ಲಿ ಯಾವ ಸ್ವರ ಎಷ್ಟು ಹೊತ್ತು ಅನ್ನುವುದೂ ಸಾಮಾನ್ಯವಾಗಿ ಇರಲ್ಲ. ಅದಕ್ಕೆ ಹಾಡನ್ನೇ ಕೇಳಬೇಕು. ಸಾಂಗ್‌ಸ್ಟರ್‌ನಲ್ಲಿ ಟ್ಯಾಬ್ ನುಡಿಯುತ್ತಾ ಹೋಗುವುದರಿಂದ ಸ್ವಲ್ಪ ವಾಸಿ. ಎಲ್ಲ ಸರಿಯಿದ್ದೂ ಹೊಂದದಿದ್ದರೆ, ಮೂಲ ಹಾಡಿನಲ್ಲಿ ಗಿಟಾರನ್ನು ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡಿರಬಹುದು ಅಥವಾ ಕ್ಯಾಪೊ ಹಾಕಿರಬಹುದು.

ಹೊಸಬರಿಗೆ ಜಸ್ಟಿನ್‌ಗಿಟಾರ್‌ನ ಆರಂಭಿಕ ಪಾಠಗಳು ಒಳ್ಳೆಯವು. ಉಚಿತ, ಒಂದರ ನಂತರ ಒಂದು ಕ್ರಮವಾಗಿ ಇವೆ. ನನ್ನ ಪ್ರಕಾರ ಆ ಕ್ರಮವೇ ದೊಡ್ಡದು. ದಿನಕ್ಕೊಂದು ಚಾನೆಲ್ ಹಾರುತ್ತಾ ಹೋದರೆ ವಿಡಿಯೋ ನೋಡುವುದೇ ಅಭ್ಯಾಸ ಆಗಿಬಿಡುತ್ತದೆ, ಅಲ್ವಾ? ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ವೇಗ 0.75 ಅಥವಾ 0.5ಕ್ಕೆ ಇಳಿಸಿದರೂ ಶ್ರುತಿ ಬದಲಾಗಲ್ಲ. ಕಷ್ಟದ ಭಾಗಕ್ಕೆ ಅದನ್ನು ಬಳಸಿ.

ಮತ್ತೊಬ್ಬರು: ನನಗೆ ಐವತ್ತು ದಾಟಿದೆ. ಅರ್ಧ ಗಂಟೆ ನುಡಿಸಿದರೆ ಎಡ ಮಣಿಕಟ್ಟು ನೋಯುತ್ತದೆ. ತಡೆದುಕೊಂಡು ಮುಂದುವರಿಸಲಾ?

ಉತ್ತರ: ಬೇಡ ಸರ್. ಬೆರಳ ತುದಿ ಉರಿಯುವುದು ಮಾಮೂಲು, ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಮಣಿಕಟ್ಟು, ಮುಂಗೈ ನೋವು ಅಥವಾ ಜೋಮು ಬಂದರೆ ತಕ್ಷಣ ನಿಲ್ಲಿಸಬೇಕು. ಕೆಲವು ದಿನ ಬಿಟ್ಟರೂ ಹೋಗದಿದ್ದರೆ ಡಾಕ್ಟರ್‌ಗೆ ತೋರಿಸಿ. ಕೂತಾಗಲೂ ಸ್ಟ್ರಾಪ್ ಹಾಕಿ ಗಿಟಾರಿನ ಕತ್ತನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿಯಿರಿ, ಮಣಿಕಟ್ಟು ಬಾಗುವುದು ಕಡಿಮೆ ಆಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೈ ಕೆಳಗೆ ಬಿಟ್ಟು ಕೊಡವಿ.

ಎಫ್ ಕಾರ್ಡ್ ಕೇಳಿದವರು: ಮೇಡಂ, ಕ್ಯಾಪೊ ಹಾಕಿ ನೋಡಿದೆ. ಎಲ್ಲ ತಂತಿನೂ ಕೇಳಿಸ್ತು! ನಟ್ ನಾನೇ ಉಜ್ಜಿ ಇಳಿಸಬಹುದಾ?

ಉತ್ತರ: ದಯವಿಟ್ಟು ಬೇಡ. ತಂತಿ ಕೂರುವ ಕಚ್ಚು ಒಂದು ಚೂರು ಜಾಸ್ತಿ ಆಳವಾದರೂ ಖಾಲಿ ತಂತಿ ಫ್ರೆಟ್‌ಗೆ ತಾಗಿ ಜುಯ್ ಅನ್ನುತ್ತದೆ, ಆಮೇಲೆ ಹೊಸ ನಟ್ಟೇ ಹಾಕಿಸಬೇಕಾಗಬಹುದು. ಗಿಟಾರ್ ರಿಪೇರಿ ಮಾಡುವವರ ಹತ್ತಿರ ಒಯ್ದು "ಸೆಟಪ್ ಮಾಡಿ, ನಟ್ ನೋಡಿ" ಅನ್ನಿ. ತಂತಿ 11ಕ್ಕೆ ಬದಲಿಸುವುದಾದರೆ ಮೊದಲೇ ಹೇಳಿಬಿಡಿ, ಸೆಟಪ್ ಆ ತಂತಿಗೇ ಆಗಬೇಕು.