ಮಾಹಿತಿ ಸಮಾಜ ಶೃಂಗಸಭೆ: ಕರಡು ದಾಖಲೆಗೆ ಅಭಿಪ್ರಾಯ ಕಳಿಸೋದು ದಂಡವಾ?

ಗುಬ್ಬಚ್ಚಿ
ಗೊತ್ತಿಲ್ಲದವರಿಗೆ ಮೊದಲು ಹಿನ್ನೆಲೆ. ವಿಶ್ವಸಂಸ್ಥೆಯ ‘ಮಾಹಿತಿ ಸಮಾಜ ಕುರಿತ ವಿಶ್ವ ಶೃಂಗಸಭೆ’ ಎರಡು ಹಂತದಲ್ಲಿ ನಡೀತು, 2003ರ ಡಿಸೆಂಬರ್‌ನಲ್ಲಿ ಜಿನೀವಾ, 2005ರ ನವೆಂಬರ್‌ನಲ್ಲಿ ಟ್ಯುನೀಶಿಯಾದ ಟ್ಯುನಿಸ್. ಈಗ ಇಪ್ಪತ್ತು ವರ್ಷದ ಪರಾಮರ್ಶೆ. ಈ ವರ್ಷ, 2025ರ ಡಿಸೆಂಬರ್ 16 ಮತ್ತು 17ಕ್ಕೆ ನ್ಯೂಯಾರ್ಕ್‌ನಲ್ಲಿ ಮಹಾಸಭೆಯ ಉನ್ನತ ಮಟ್ಟದ ಸಭೆ ಇದೆ. ಕೀನ್ಯಾ, ಅಲ್ಬೇನಿಯಾ ದೇಶಗಳ ರಾಯಭಾರಿಗಳು ಮಾತುಕತೆ ನಡೆಸಿಕೊಡ್ತಿದ್ದಾರೆ, ಆ ಸಭೆ ಒಪ್ಪಬೇಕಾದ ದಾಖಲೆಯ ಮೊದಲ ಕರಡು ಆಗಸ್ಟ್ ಕೊನೆಗೆ ಬಂತು. ಸರ್ಕಾರಗಳಲ್ಲದೆ ಉಳಿದವರೂ ಲಿಖಿತ ಅಭಿಪ್ರಾಯ ಕಳಿಸಬಹುದು.

ನಾವು ನಾಲ್ಕು ಜನ ಎರಡು ವಾರಾಂತ್ಯ ಕೂತು ಪೂರ್ತಿ ಓದಿದ್ವಿ. ಭಾಷೆಗಳ ವಿಷಯಕ್ಕೆ ಎರಡು ಪುಟ ಬರೆದಿದ್ದೀವಿ. ಕಳಿಸೋ ಮೊದಲು ನೇರವಾಗಿ ಕೇಳ್ತೀನಿ: ಇದನ್ನು ಅಲ್ಲಿ ಯಾರಾದರೂ ಓದ್ತಾರಾ?

ಅರೆಮನಸ್ಸು
ಓದಲ್ಲ. ವಾರಾಂತ್ಯ ಹೋಯ್ತು ಅಂತ ಬೇಜಾರು ಮಾಡ್ಕೋಬೇಡಿ.

ಟ್ಯುನಿಸ್‌ಗೆ 19,000ಕ್ಕೂ ಹೆಚ್ಚು ಜನ ಹೋಗಿದ್ರು. ಏನು ನೆನಪಿದೆ ಯಾರಿಗಾದರೂ? ನೂರು ಡಾಲರ್‌ನ ಹಸಿರು ಲ್ಯಾಪ್‌ಟಾಪು, ಅದರ ಹಿಡಿ ತಿರುಗಿಸಿದ್ರೆ ಕರೆಂಟು ಅಂದ್ರು, ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ತಿರುಗಿಸಿದಾಗ ಹಿಡಿಯೇ ಕೈಗೆ ಬಂತು. ಮಾಹಿತಿ ಸ್ವಾತಂತ್ರ್ಯದ ಬಗ್ಗೆ ಸಭೆ, ಆತಿಥೇಯ ದೇಶದಲ್ಲಿ ವೆಬ್‌ಸೈಟುಗಳಿಗೆ ಬೀಗ. ಉದ್ಘಾಟನೆಯಲ್ಲಿ ಸ್ವಿಸ್ ಅಧ್ಯಕ್ಷರು ಇದನ್ನೇ ಎತ್ತಿ ಆಡಿದರೆ ಅಲ್ಲಿನ ಟೀವಿಯಲ್ಲಿ ಅವರ ಭಾಷಣಕ್ಕೇ ಕತ್ತರಿ. ಜಿನೀವಾದಲ್ಲಿ 2015ರೊಳಗೆ ಹಳ್ಳಿಹಳ್ಳಿಗೂ ಸಂಪರ್ಕ ಅಂತ ಗುರಿ ಬರೆದುಕೊಂಡ್ರು. 2024ರಲ್ಲೂ 260 ಕೋಟಿ ಜನ ಇಂಟರ್ನೆಟ್ಟಿನ ಹೊರಗಿದ್ರು ಅಂತ ವಿಶ್ವಸಂಸ್ಥೆಯ ದೂರಸಂಪರ್ಕ ಒಕ್ಕೂಟವೇ ಹೇಳಿದೆ.

ಕಾಲುಸಂಕ
@ಅರೆಮನಸ್ಸು, ನೀವು ಹೇಳಿದ್ದೆಲ್ಲ ಶೃಂಗಸಭೆಯ ಕತೆ. ಗುಬ್ಬಚ್ಚಿ ಕೇಳ್ತಿರೋದು ಅದರ ಸಿದ್ಧತೆಯ ಬಗ್ಗೆ. ಇವೆರಡೂ ಬೇರೆ ಪ್ರಾಣಿಗಳು.

ಜಿನೀವಾ ಕಾಲದಲ್ಲಿ ನಾನು ದೂರದಿಂದಲೇ, ಮೇಲಿಂಗ್ ಲಿಸ್ಟುಗಳಲ್ಲಿ, ರಾತ್ರಿ ನಿದ್ದೆಗೆಟ್ಟು ಇದನ್ನು ಹಿಂಬಾಲಿಸಿದವನು. ಶೃಂಗಸಭೆ ಅಂದ್ರೆ ಮೂರು ದಿನದ ಭಾಷಣ, ಫೋಟೊ. ಜಗಳ ಆಗೋದು ಅದಕ್ಕೂ ಮುಂಚಿನ ಸಿದ್ಧತಾ ಸಮಿತಿಯಲ್ಲಿ. 2002ರ ಜುಲೈನಲ್ಲಿ ಮೊದಲ ಸಿದ್ಧತಾ ಸಭೆ ಸೇರಿದಾಗ ವಿಷಯಕ್ಕೆ ಬರೋಕೇ ಆಗಲಿಲ್ಲ. ಹೆಚ್ಚಿನ ಸಮಯ ಹೋಗಿದ್ದು ನಿಯಮಾವಳಿಗೆ, ಅಂದ್ರೆ ಕೋಣೆಯೊಳಗೆ ಯಾರು ಕೂರಬೇಕು, ಯಾರು ಎಷ್ಟು ಮಾತಾಡಬೇಕು ಅನ್ನೋದಕ್ಕೆ. ಆಗ ನಮಗೆಲ್ಲ ನಗು ಬಂದಿತ್ತು. ಆಮೇಲೆ ತಿಳೀತು, ಮುಂದಿನ ಎರಡು ವರ್ಷದ ಎಲ್ಲ ಜಗಳಕ್ಕೂ ಅಲ್ಲೇ ಬುನಾದಿ ಬಿದ್ದಿತ್ತು.

ಮೂರನೇ ಸಿದ್ಧತಾ ಸಭೆ 2003ರ ಸೆಪ್ಟೆಂಬರ್‌ನಲ್ಲಿ ಮುಗೀಬೇಕಿತ್ತು. ಮುಗೀಲಿಲ್ಲ. ನವೆಂಬರ್‌ನಲ್ಲಿ ಮತ್ತೆ ಕೂತರು. ಆಗಲೂ ಇಲ್ಲ. ಕೊನೆಗೆ ಡಿಸೆಂಬರ್ 9ರವರೆಗೂ ಎಳೀತು, ಮಾರನೇ ದಿನವೇ ಶೃಂಗಸಭೆ! ಹಣ ಯಾರು ಕೊಡಬೇಕು, ಇಂಟರ್ನೆಟ್ಟಿನ ಮೇಲೆ ಹಿಡಿತ ಯಾರದು, ಈ ಎರಡು ಗಂಟು ಬಿಚ್ಚಲೇ ಇಲ್ಲ. ಒಂದೊಂದಕ್ಕೂ ಒಂದೊಂದು ತಂಡ ಮಾಡಿ ಟ್ಯುನಿಸ್‌ಗೆ ಸಾಗಹಾಕಿದರು.

ತಂತಿಮನೆ
ನೆಟ್‌ವರ್ಕ್ ಕೆಲಸ ಮಾಡೋನು ನಾನು. ಒಂದು ಮಾತು ಹೇಳಿ ಹೋಗ್ತೀನಿ. ಇಂಟರ್ನೆಟ್ಟು ನಡೀತಿರೋದು ಈ ಘೋಷಣೆಗಳಿಂದಲ್ಲ. ಪ್ರೋಟೋಕಾಲ್, ಅಂದ್ರೆ ಕಂಪ್ಯೂಟರುಗಳು ಪರಸ್ಪರ ಮಾತಾಡೋ ನಿಯಮ, ತಯಾರಾಗೋದು ಐಇಟಿಎಫ್ ಅನ್ನೋ ಎಂಜಿನಿಯರುಗಳ ಗುಂಪಿನಲ್ಲಿ. ಅಲ್ಲಿ ಸದಸ್ಯತ್ವವೇ ಇಲ್ಲ, ಮೇಲಿಂಗ್ ಲಿಸ್ಟಿಗೆ ಸೇರಿ ವಾದ ಮಾಡಿದ್ರೆ ನೀವೂ ಒಬ್ಬರು. ಈ ಶೃಂಗಸಭೆಯವರ ಹಣೆಬರಹ ನೋಡಿ: 2003ರ ಡಿಸೆಂಬರ್‌ನಲ್ಲಿ ಇಂಟರ್ನೆಟ್ಟಿನ ಹಿಡಿತದ ಬಗ್ಗೆ ಮಾತುಕತೆ ನಡೆಯುವಾಗ ಇಂಟರ್ನೆಟ್ ವಿಳಾಸಗಳನ್ನ ನೋಡಿಕೊಳ್ಳೋ ಸಂಸ್ಥೆ ಐಕಾನ್‌ನ ಆಗಿನ ಮುಖ್ಯಸ್ಥ ಪಾಲ್ ಟೂಮಿಯವರನ್ನೇ ಕೋಣೆಯಿಂದ ಆಚೆ ಕಳಿಸಿದ್ರು. ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳೋ ಮನುಷ್ಯ ಬಾಗಿಲಾಚೆ, ಅದರ ಗಂಧಗಾಳಿ ಇಲ್ಲದವರು ಒಳಗೆ.

ಅರೆಮನಸ್ಸು
ಅಗೋ. ನನ್ನ ವಾದಕ್ಕೆ ಸಾಕ್ಷಿ ತಾನಾಗೇ ಬಂತು.

ಕಾಲುಸಂಕ
ಸಾಕ್ಷಿ ನನ್ನ ಕಡೆಗೂ ಹೇಳುತ್ತೆ ಮಾರಾಯ್ರೇ! ಒಳಗೆ ನಡೀತಿದ್ದದ್ದು ಬರೀ ಹರಟೆ ಆಗಿದ್ರೆ ಅವರನ್ನು ಹೊರಗೆ ಕಳಿಸೋ ಅಗತ್ಯ ಏನಿತ್ತು?

ಮತ್ತೆ @ತಂತಿಮನೆ, ಐಇಟಿಎಫ್ ಬಗ್ಗೆ ನೀವು ಹೇಳಿದ್ದು ಸರಿ. ಆದ್ರೆ ಇಂಟರ್ನೆಟ್ಟಿನ ಬೇರು ಕಡತ, ಅಂದ್ರೆ .com, .in ಥರದ ಕೊನೆಪದಗಳ ಮೂಲ ಪಟ್ಟಿ, ಅದರಲ್ಲಿ ಏನೇ ಬದಲಾಗಬೇಕಿದ್ರೂ ಅಮೆರಿಕದ ವಾಣಿಜ್ಯ ಇಲಾಖೆಯ ಒಪ್ಪಿಗೆ ಬೇಕಿತ್ತು, 2016ರ ಅಕ್ಟೋಬರ್ 1ರವರೆಗೂ. ಅದು ತಾಂತ್ರಿಕ ವಿಷಯ ಅಂತ ಪಕ್ಕಕ್ಕೆ ಸರಿಸೋಕಾಗುತ್ತಾ? ಟ್ಯುನಿಸ್‌ಗೆ ಮುಂಚೆ ಜಗಳ ಹತ್ತಿದ್ದೇ ಅದಕ್ಕೆ. 2005ರ ಸೆಪ್ಟೆಂಬರ್‌ನ ಸಿದ್ಧತಾ ಸಭೆಯಲ್ಲಿ ಯುರೋಪಿಯನ್ ಒಕ್ಕೂಟ ಏಕಾಏಕಿ ತನ್ನದೇ ಪ್ರಸ್ತಾವ ಇಟ್ಟಾಗ ಅಮೆರಿಕದವರಿಗೆ ನೆಲ ಬಿಸಿಯಾಯ್ತು.

ತಂತಿಮನೆ
ಬೇರು ಕಡತದ ವಿಷಯ ಒಪ್ಪಿದೆ. ಆದ್ರೆ ಆ ಹಿಡಿತ ಸಡಿಲಿದ್ದು ಶೃಂಗಸಭೆಯಿಂದಲ್ಲ, ಹನ್ನೊಂದು ವರ್ಷ ಆದಮೇಲೆ. ಅದನ್ನೂ ಬರೀರಿ.

ಮಿಂಚುಳ
ನಾನು ಸ್ಕ್ರೀನ್ ರೀಡರ್‌ನಲ್ಲಿ (ಕಣ್ಣು ಕಾಣದವರಿಗೆ ಪರದೆಯ ಮೇಲಿನ ಪಠ್ಯ ಓದಿ ಹೇಳೋ ತಂತ್ರಾಂಶ) ಓದೋನು, ಈ ಚರ್ಚೆಯನ್ನೂ ಹಾಗೇ ಕೇಳ್ತಿದ್ದೀನಿ. ಕೋಣೆಯೊಳಗೆ ಯಾರು, ಹೊರಗೆ ಯಾರು ಅಂತ ಮಾತು ಬಂತಲ್ಲ, ಅದಕ್ಕೆ ಹೇಳ್ತೀನಿ. ಹಿಂದೊಮ್ಮೆ ಇಂಥದ್ದೇ ಒಂದು ಕರಡಿನ ಸಮಾಲೋಚನೆಗೆ ಒಂದು ಸಂಸ್ಥೆ ನನ್ನನ್ನ ಆನ್‌ಲೈನ್‌ನಲ್ಲಿ ಕರೆದಿತ್ತು. ವಿಷಯ: ಎಲ್ಲರನ್ನೂ ಒಳಗೊಳ್ಳುವ ಡಿಜಿಟಲ್ ಸಮಾಜ. ಕಳಿಸಿದ ಕರಡು ಸ್ಕ್ಯಾನ್ ಮಾಡಿದ ಚಿತ್ರ. ನನ್ನ ಯಂತ್ರ ‘ಖಾಲಿ ಪುಟ, ಖಾಲಿ ಪುಟ’ ಅಂತ ಇಪ್ಪತ್ತೆರಡು ಸಲ ಹೇಳ್ತು. ಸಭೆಯಲ್ಲಿ ಅಭಿಪ್ರಾಯ ಕೇಳಿದಾಗ ‘ಕರಡು ಚೊಕ್ಕವಾಗಿದೆ, ಒಂದು ತಪ್ಪೂ ಕಾಣಲಿಲ್ಲ’ ಅಂದೆ. ನಗಬೇಕೋ ಬೇಡವೋ ಅಂತ ಯಾರಿಗೂ ಗೊತ್ತಾಗಲಿಲ್ಲ.

ಗುಬ್ಬಚ್ಚಿ ಮೇಡಂ, ನಿಮ್ಮ ಎರಡು ಪುಟ ಇಲ್ಲೇ ಹಾಕ್ತೀರಾ? ಪಠ್ಯವಾಗಿ ಹಾಕಿ, ಫೋಟೊ ಬೇಡ.

ಗುಬ್ಬಚ್ಚಿ
ಹಾಕಿದೀನಿ, ಮೇಲಿನ ಪೋಸ್ಟಿನ ಕೆಳಗೆ. ಕಳಿಸೋದು ಇಂಗ್ಲಿಷಿನಲ್ಲಿ, ನಮ್ಮ ಮೂಲ ಮಾತ್ರ ಕನ್ನಡದ್ದು.

ನೆರಳುಬೆಳಕು
ಓದಿದೆ. ಮೊದಲನೇ ಪುಟದಲ್ಲೇ ‘ಎಲ್ಲ ಮಧ್ಯಸ್ಥಗಾರರ ಸಹಭಾಗಿತ್ವದಲ್ಲಿ’ ಅಂತಿದೆ. ಕ್ಷಮಿಸಿ, ಯಾವ ಜಗಳಕ್ಕೆ ಮಧ್ಯಸ್ಥಿಕೆ? ಇಂಗ್ಲಿಷಿನ ‘ಸ್ಟೇಕ್‌ಹೋಲ್ಡರ್’ಗೆ ಅದ್ಯಾರೋ ‘ಮಧ್ಯಸ್ಥಗಾರ’ ಅಂತ ಬರೆದುಬಿಟ್ಟರು, ಈಗ ಎಲ್ಲ ಕಡೆ ಅದೇ. ಮಧ್ಯಸ್ಥ ಅಂದ್ರೆ ವಿಷಯದಲ್ಲಿ ತನ್ನದೇನೂ ಇಲ್ಲದವನು, ಅದಕ್ಕೇ ನಡುವೆ ನಿಲ್ಲೋಕೆ ಯೋಗ್ಯ. ಇವರು ಹೇಳಬೇಕಾಗಿರೋದು ಅದರ ಪೂರ್ತಿ ಉಲ್ಟಾ.

ಗುಬ್ಬಚ್ಚಿ
ಅಯ್ಯೋ. ಹಾಗಾದ್ರೆ ಏನು ಬರೀಲಿ? ‘ಹಿತಾಸಕ್ತರು’ ಅಂದ್ರೆ ಪಟ್ಟಭದ್ರ ಹಿತಾಸಕ್ತಿಯ ವಾಸನೆ ಹೊಡಿಯುತ್ತೆ. ‘ಪಾಲುದಾರರು’ ಅಂದ್ರೆ ಕಂಪನಿಯ ಶೇರು ಇಟ್ಟುಕೊಂಡವರ ಹಾಗೆ.

ನೆರಳುಬೆಳಕು
‘ಪಾಲುದಾರ’ ನನಗೆ ಇಷ್ಟ. ಪಾಲು ಇದೆ ಅಂದಮೇಲೆ ಕೇಳೋ ಹಕ್ಕೂ ಇದೆ. ಪದದೊಳಗೇ ಜಗಳ ಇದೆ, ಇರಲಿ ಬಿಡಿ.

ಅರೆಮನಸ್ಸು
ನಾವಿಲ್ಲಿ ಪದ ಹುಡುಕೋಷ್ಟರಲ್ಲಿ ಅಲ್ಲಿ ಡಿಸೆಂಬರ್ ಬಂದುಬಿಡುತ್ತೆ.

ಕಾಲುಸಂಕ
ಪದ ಹುಡುಕೋದೇ ಅಲ್ಲಿಯ ಕೆಲಸವೂ! ಟ್ಯುನಿಸ್ ಕಾರ್ಯಸೂಚಿ ಅಂತ ಅಲ್ಲಿ ಸರ್ಕಾರಗಳು ಒಪ್ಪಿದ ದಾಖಲೆಯ 34ನೇ ಪ್ಯಾರಾದಲ್ಲಿ ಇಂಟರ್ನೆಟ್ ಆಡಳಿತ ಅಂದ್ರೆ ಏನು ಅಂತ ಇದೆ. ಸರ್ಕಾರಗಳು, ಖಾಸಗಿ ವಲಯ, ನಾಗರಿಕ ಸಮಾಜ, ಈ ಮೂವರೂ ‘ತಮ್ಮ ತಮ್ಮ ಪಾತ್ರಗಳಲ್ಲಿ’ ರೂಪಿಸುವ ತತ್ವ, ನಿಯಮ, ತೀರ್ಮಾನದ ಕ್ರಮ ಇತ್ಯಾದಿ. ಆ ‘ತಮ್ಮ ತಮ್ಮ ಪಾತ್ರಗಳಲ್ಲಿ’ ಅನ್ನೋ ಮೂರು ಪದಕ್ಕೆ ಇಪ್ಪತ್ತು ವರ್ಷದಿಂದ ಗುದ್ದಾಟ. ಯಾಕಂದ್ರೆ ಮುಂದಿನದೇ, 35ನೇ ಪ್ಯಾರಾ, ಸಾರ್ವಜನಿಕ ನೀತಿಯ ಅಧಿಕಾರ ಸರ್ಕಾರಗಳ ಸಾರ್ವಭೌಮ ಹಕ್ಕು ಅಂತ ಬೇಲಿ ಹಾಕುತ್ತೆ. ಕೆಲವು ಸರ್ಕಾರಗಳಿಗೆ ಆ ಬೇಲಿಯೇ ಪ್ರಾಣ. ನಾಗರಿಕ ಸಮಾಜದವರಿಗೆ ಅದು ‘ನೀವು ಸಮುದಾಯ ಮಟ್ಟದಲ್ಲಿ ಏನಾದ್ರೂ ಮಾಡಿಕೊಂಡಿರಿ, ನೀತಿಯ ಗೊಡವೆ ನಿಮಗ್ಯಾಕೆ’ ಅಂದ ಹಾಗೆ ಕೇಳುತ್ತೆ.

ಆ ವ್ಯಾಖ್ಯೆ ಎಲ್ಲಿಂದ ಬಂತು ಗೊತ್ತಾ? ಜಿನೀವಾದಲ್ಲಿ ಬಿಚ್ಚದ ಗಂಟಿಗೆ ಒಂದು ಕಾರ್ಯತಂಡ ಮಾಡಿದ್ರು ಅಂದೆನಲ್ಲ, ಅದರಿಂದ. ನಿತಿನ್ ದೇಸಾಯಿ ಅದರ ಅಧ್ಯಕ್ಷರು, 40 ಜನ. ಸರ್ಕಾರದವರು, ಉದ್ಯಮದವರು, ನಾಗರಿಕ ಸಮಾಜದವರು ಒಂದೇ ಮೇಜಿಗೆ ಕೂತರು. ಮೇಲ್ವಿಚಾರಣೆಗೆ ನಾಲ್ಕು ಮಾದರಿ ಬರೆದುಕೊಟ್ಟರು, ಟ್ಯುನಿಸ್‌ನಲ್ಲಿ ಒಂದನ್ನೂ ಯಾರೂ ಮುಟ್ಟಲಿಲ್ಲ. ಆದ್ರೆ ಎಲ್ಲರೂ ಬಂದು ಮಾತಾಡೋ ಒಂದು ವೇದಿಕೆ ಬೇಕು ಅಂತಲೂ ಬರೆದಿದ್ರು. ಅದು ಉಳೀತು. ಇಂಟರ್ನೆಟ್ ಆಡಳಿತ ವೇದಿಕೆ ಮೊದಲು ಸೇರಿದ್ದು 2006ರಲ್ಲಿ ಅಥೆನ್ಸ್‌ನಲ್ಲಿ, 2008ರಲ್ಲಿ ಹೈದರಾಬಾದ್‌ಗೂ ಬಂತು. ಐದು ವರ್ಷ, ಮತ್ತೆ ಐದು, ಆಮೇಲೆ ಹತ್ತು ಅಂತ ಬಾಡಿಗೆ ಮನೆಯ ಕರಾರಿನ ಹಾಗೆ ನವೀಕರಿಸಿಕೊಂಡು ಬಂದಿದ್ದಾರೆ. ಈಗಿನ ಕರಡಿನಲ್ಲಿ ಅದನ್ನು ಕಾಯಂ ಮಾಡೋ ಮಾತಿದೆ.

ತಂತಿಮನೆ
ಆ ವೇದಿಕೆಗೆ ತೀರ್ಮಾನ ತಗೊಳ್ಳೋ ಅಧಿಕಾರ ಇಲ್ಲ ಅನ್ನೋದನ್ನ ಬಿಟ್ಟಿರಿ.

ಕಾಲುಸಂಕ
ಇಲ್ಲ, ನಿಜ. ಅಧಿಕಾರ ಇದ್ದಿದ್ರೆ ಅದು ಹುಟ್ತಾನೇ ಇರಲಿಲ್ಲ.

ಅರೆಮನಸ್ಸು
ಸರಿ ಸಾರ್, ಒಂದು ಪ್ರಶ್ನೆ ಪ್ರಾಮಾಣಿಕವಾಗಿ. 2003ರ ನವೆಂಬರ್‌ನಲ್ಲಿ ನಾಗರಿಕ ಸಮಾಜದವರೇ ‘ನಮ್ಮ ಮಾತು ನಿಮ್ಮ ಕರಡಿಗೆ ಹೋಗ್ತಿಲ್ಲ’ ಅಂತ ಕೈಬಿಟ್ಟು, ಡಿಸೆಂಬರ್ 8ಕ್ಕೆ ತಮ್ಮದೇ ಘೋಷಣೆ ಹೊರಡಿಸಿದ್ರಲ್ಲ? ಗುಬ್ಬಚ್ಚಿಯವರೂ ಹಾಗೇ ಮಾಡಲಿ. ಯಾರದೋ ಪ್ಯಾರಾ ನಡುವೆ ನುಸುಳೋದಕ್ಕಿಂತ ಅದು ಮರ್ಯಾದೆ.

ಕಾಲುಸಂಕ
ಆ ಘೋಷಣೆ ಓದೋಕೆ ಚೆಂದ, ಸರ್ಕಾರಗಳದ್ದಕ್ಕಿಂತ ಎಷ್ಟೋ ಮೇಲು. ಆದ್ರೆ ಇವತ್ತು ನ್ಯೂಯಾರ್ಕ್‌ನಲ್ಲಿ ಕೂತವರು ಎದುರಿಗಿಟ್ಟುಕೊಂಡಿರೋದು ಸರ್ಕಾರಗಳು ಒಪ್ಪಿದ್ದನ್ನ ಮಾತ್ರ.

ಒಂದು ಉದಾಹರಣೆ. ಜಿನೀವಾ ಘೋಷಣೆಯ 27ನೇ ಪ್ಯಾರಾದಲ್ಲಿ ತಂತ್ರಾಂಶದ ಮಾತು ಬರುತ್ತೆ. ಮುಕ್ತ ತಂತ್ರಾಂಶದ ಪರ ಇದ್ದವರು ಅದಕ್ಕೇ ಆದ್ಯತೆ ಸಿಗಲಿ ಅಂದ್ರು, ವಿರೋಧವೂ ಅಷ್ಟೇ ಗಟ್ಟಿ. ಕೊನೆಗೆ ಸ್ವಾಮ್ಯದ ತಂತ್ರಾಂಶ, ಮುಕ್ತ ಆಕರದ್ದು, ಸ್ವತಂತ್ರ ತಂತ್ರಾಂಶ, ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ರು. ಸೋಲು ಅಂತ ಬೈದವರು ಬಹಳ. ಆದ್ರೆ ಶೃಂಗಸಭೆಯ ದಾಖಲೆಯಲ್ಲಿ ಅದರ ಹೆಸರು ಬಂದಿದೆ, ಅಳಿಸೋಕೆ ಬರಲ್ಲ.

ಗುಬ್ಬಚ್ಚಿ
ಕಾಲುಸಂಕ ಸರ್, ಹಾಗಾದ್ರೆ ನಮ್ಮ ಎರಡು ಪುಟ ಏನು ಮಾಡ್ಲಿ?

ಕಾಲುಸಂಕ
ಹರಿದು ಹಾಕಿ. ಬೇಜಾರಾಗಬೇಡಿ, ಒಳ್ಳೆಯ ಲೇಖನ ಅದು, ಇನ್ನೆಲ್ಲಾದರೂ ಪ್ರಕಟಿಸಿ. ಅಲ್ಲಿಗೆ ಬೇಕಾಗಿರೋದು ಲೇಖನ ಅಲ್ಲ. ರಾಶಿ ಅಭಿಪ್ರಾಯಗಳ ನಡುವೆ ಕೂತ ಒಬ್ಬ ಸುಸ್ತಾದ ಅಧಿಕಾರಿಯನ್ನ ನೆನೆಸಿಕೊಳ್ಳಿ. ‘ಕರಡಿನ ಇಂಥ ಪ್ಯಾರಾ, ಇಂಥ ಪದ ಆದಮೇಲೆ, ಈ ಪದಗಳನ್ನು ಸೇರಿಸಿ’ ಅಂತ ಬರೆದವರದ್ದು ಆತನ ಕೋಷ್ಟಕಕ್ಕೆ ನೇರ ಇಳಿಯುತ್ತೆ. ‘ಭಾಷೆ ಅಳಿದರೆ ಸಂಸ್ಕೃತಿ ಅಳಿಯುತ್ತದೆ’ ಅಂತ ಶುರುಮಾಡಿದ್ದು ‘ಇತರೆ’ ಅನ್ನೋ ಕಡತಕ್ಕೆ.

ಮತ್ತೆ, ಹೊಸ ಪದ ಕಟ್ಟಬೇಡಿ. ಹಿಂದೆ ಎಲ್ಲ ಸರ್ಕಾರಗಳೂ ಒಪ್ಪಿದ ಮಾತನ್ನೇ ಎತ್ತಿಕೊಳ್ಳಿ. ಹಳೇ ಒಪ್ಪಿಗೆಯ ಮಾತಿಗೆ ‘ಒಲ್ಲೆ’ ಅನ್ನೋಕೆ ಪ್ರತಿನಿಧಿಗಳಿಗೆ ಮುಜುಗರ, ಹೊಸದಕ್ಕಾದರೆ ತಕ್ಷಣ ಚೌಕಾವರಣ ಹಾಕ್ತಾರೆ. ಇತ್ಯರ್ಥ ಆಗದ ಮಾತಿಗೆಲ್ಲ ಅಲ್ಲಿ ಚೌಕಾವರಣ, ಗೊತ್ತಲ್ಲ. ನಿಮ್ಮ ಪುಣ್ಯಕ್ಕೆ ಜಿನೀವಾ ಘೋಷಣೆಯ 53ನೇ ಪ್ಯಾರಾ ಇದೆ, ಬೇರೆಬೇರೆ ಭಾಷೆಗಳಲ್ಲಿ ವಿಷಯ ಸೃಷ್ಟಿಸಿ ಹಂಚಿ ಉಳಿಸೋದಕ್ಕೆ ಆದ್ಯತೆ ಬೇಕು ಅಂತ. ಅದನ್ನು ಹಿಡಿದು ಜೋತುಬೀಳಿ.

ಕ್ರಿಯಾಪದದ ಮೇಲೂ ಕಣ್ಣಿರಲಿ. ‘ಗಮನಿಸುತ್ತದೆ’ ಅನ್ನೋದು ಪುಕ್ಕಟೆ, ಯಾರೂ ತಕರಾರು ತೆಗೆಯಲ್ಲ, ಯಾರೂ ಏನೂ ಮಾಡೋದೂ ಇಲ್ಲ. ‘ಪ್ರೋತ್ಸಾಹಿಸುತ್ತದೆ’ಗೆ ಸ್ವಲ್ಪ ಬೆವರು. ‘ಕರೆ ನೀಡುತ್ತದೆ’ ಅಂದ್ರೆ ಜಗಳಕ್ಕೆ ಸಿದ್ಧರಿದ್ದೀರಿ ಅಂತ ಅರ್ಥ. ‘ನಿರ್ಧರಿಸುತ್ತದೆ’ ಅಂದ ಕೂಡಲೇ ಯಾರೋ ಒಬ್ಬರು ಹಣ ಎಲ್ಲಿಂದ ಅಂತ ಕೇಳ್ತಾರೆ. ಸೆನೆಗಲ್‌ನ ಆಗಿನ ಅಧ್ಯಕ್ಷ ವಾಡ್ ಅವರ ಡಿಜಿಟಲ್ ಐಕಮತ್ಯ ನಿಧಿ 2005ರಲ್ಲಿ ಶುರುವಾಗಿ ಹೆಚ್ಚು ದಿನ ಬಾಳದೆ ಹೋದದ್ದು ಅಲ್ಲೇ, ಮಾತು ಎಲ್ಲರದ್ದೂ ಇತ್ತು, ದುಡ್ಡು ಹೆಚ್ಚಿನವರದ್ದು ಇರಲಿಲ್ಲ.

ಅರೆಮನಸ್ಸು
ಇಷ್ಟು ವಿವರವಾಗಿ ಮೊದಲೇ ಹೇಳಿದ್ರೆ ನಾನು ಅಷ್ಟು ಬೈತಿರಲಿಲ್ಲ. ನಂಬಿಕೆ ಅಂತೂ ಈಗಲೂ ಇಲ್ಲ. ಆದ್ರೆ ಒಂದು ವಾಕ್ಯ ಕಳಿಸಿದ್ರೆ ದಂಡವಾಗೋದೂ ಒಂದು ವಾಕ್ಯವೇ ತಾನೆ, ಕಳಿಸಿ.

ಮಿಂಚುಳ
ಭಾಷೆಯ ಜೊತೆ ನಮ್ಮದನ್ನೂ ಸೇರಿಸೋಕಾಗುತ್ತಾ? ಕನ್ನಡದಲ್ಲಿ ಸೇವೆ ಇದೆ ಅಂತಾರೆ, ತೆರೆದರೆ ಕನ್ನಡ ಅಕ್ಷರಗಳ ಚಿತ್ರ. ನನಗೆ ಅದು ಯಾವ ಭಾಷೆಯೂ ಅಲ್ಲ.

ಗುಬ್ಬಚ್ಚಿ
ಇದು ಹೊಳೆದೇ ಇರಲಿಲ್ಲ. ಎರಡು ಪುಟ ತೆಗೆದೆ, ಇಷ್ಟು ಉಳೀತು:

‘ಜಿನೀವಾ ಘೋಷಣೆಯ 53ನೇ ಪ್ಯಾರಾವನ್ನು ನೆನಪಿಸಿಕೊಂಡು, ಸಾರ್ವಜನಿಕ ಡಿಜಿಟಲ್ ಸೇವೆಗಳನ್ನು ಜನ ಆಡುವ ಭಾಷೆಗಳಲ್ಲಿ, ಯಂತ್ರ ಓದಬಲ್ಲ ಪಠ್ಯರೂಪದಲ್ಲಿ, ಅಂಗವಿಕಲರಿಗೂ ಎಟಕುವಂತೆ ಒದಗಿಸಲು ಸರ್ಕಾರಗಳಿಗೂ ಎಲ್ಲ ಪಾಲುದಾರರಿಗೂ ಕರೆ ನೀಡುತ್ತದೆ.’

ಜೊತೆಗೆ ಅರ್ಧ ಪುಟದ ಕಾರಣ, ಪೂರ್ತಿ ಕಡತವನ್ನೂ ಹಾಕಿದೀನಿ. ಮಿಂಚುಳ ಅವರೇ, ನಿಮ್ಮ ಯಂತ್ರದಲ್ಲಿ ಒಮ್ಮೆ ಓದಿಸಿ ನೋಡ್ತೀರಾ?

ತಂತಿಮನೆ
‘ಪಠ್ಯರೂಪದಲ್ಲಿ’ ಮುಂದೆ ‘ಯೂನಿಕೋಡ್’ ಸೇರಿಸಿ. ಇಲ್ಲದಿದ್ರೆ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿ ಪಠ್ಯ ಅಂತಾರೆ.

ಕಾಲುಸಂಕ
ಯೂನಿಕೋಡ್ ಅಂತ ಹೆಸರು ಹೇಳಿದ್ರೆ ಕಿತ್ತುಹಾಕ್ತಾರೆ. ‘ಮುಕ್ತ ಮಾನಕಗಳಲ್ಲಿ’ ಅನ್ನಿ, ಆ ಮಾತು ಹಳೆಯ ದಾಖಲೆಗಳಲ್ಲಿ ಇದೆ.

ಮಿಂಚುಳ
ಓದಿಸಿದೆ, ಮೊದಲಿಂದ ಕೊನೆವರೆಗೂ ಸರಾಗ. ಆದ್ರೆ ಮೇಡಂ, ಕಾರಣ ಬರೆದಿರೋ ಭಾಗದಲ್ಲಿ ‘ಮಧ್ಯಸ್ಥಗಾರ’ ಇನ್ನೂ ಎರಡು ಕಡೆ ಉಳಿದಿದ್ದಾನೆ.