ವಲಸಿಗರೇ ಕಟ್ಟಿದ ಕಾರ್ಮಿಕ ಸಂಘಗಳು ವಲಸೆಯನ್ನು ವಿರೋಧಿಸಿದ್ದೇಕೆ?

ಪ್ರಶ್ನೆ:
ಅಮೆರಿಕದ ಕಾರ್ಮಿಕ ಇತಿಹಾಸದಲ್ಲಿ ಒಂದು ವಿಷಯ ನನಗೆ ಬಗೆಹರಿಯುತ್ತಿಲ್ಲ. ಅಮೆರಿಕನ್ ಫೆಡರೇಷನ್ ಆಫ್ ಲೇಬರ್ ಒಕ್ಕೂಟವನ್ನು ದಶಕಗಳ ಕಾಲ ಮುನ್ನಡೆಸಿದ ಸ್ಯಾಮ್ಯುಯೆಲ್ ಗಾಂಪರ್ಸ್ ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ನ್ಯೂಯಾರ್ಕಿಗೆ ಬಂದವರು. ಅಂಥವರೇ ಚೀನೀ ಕೂಲಿಕಾರರ ಪ್ರವೇಶವನ್ನು ತಡೆದ 1882ರ ಕಾನೂನಿನ ಪರ ನಿಂತರು. ಇದರ ಹಿಂದಿದ್ದದ್ದು ಕೂಲಿ ಇಳಿದೀತೆಂಬ ಭಯವೋ, ಜನಾಂಗ ದ್ವೇಷವೋ?

ಉತ್ತರ 1:
ಎರಡೂ ಇದ್ದವು, ಒಂದರ ಬೆಂಬಲದಿಂದ ಇನ್ನೊಂದು ಬೆಳೆಯಿತು. ಕೂಲಿಯ ಭಯ ಬರೀ ಕಲ್ಪನೆಯಾಗಿರಲಿಲ್ಲ. 1870ರಲ್ಲಿ ಮ್ಯಾಸಚೂಸೆಟ್ಸ್‌ನ ನಾರ್ತ್ ಆಡಮ್ಸ್‌ನಲ್ಲಿ ಪಾದರಕ್ಷೆ ಕಾರ್ಖಾನೆಯ ಮಾಲೀಕನೊಬ್ಬ ಮುಷ್ಕರವನ್ನು ಮುರಿಯಲೆಂದೇ ಕ್ಯಾಲಿಫೋರ್ನಿಯಾದಿಂದ 75 ಮಂದಿ ಚೀನೀಯರನ್ನು ಕರೆತಂದಿದ್ದ. ಆದರೆ 1885ರಲ್ಲಿ ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್‌ನಲ್ಲಿ ಬಿಳಿಯ ಗಣಿ ಕಾರ್ಮಿಕರ ಸಿಟ್ಟು ಗಣಿಯ ಒಡೆತನವಿದ್ದ ರೈಲ್ವೆ ಕಂಪನಿಯ ಮೇಲೆ ತಿರುಗದೆ ಚೀನೀ ಸಹೋದ್ಯೋಗಿಗಳ ಮೇಲೆ ತಿರುಗಿ, ಕನಿಷ್ಠ 28 ಜನರನ್ನು ಬಲಿ ತೆಗೆದುಕೊಂಡಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ದಾಳಿ ಮಾಡಿದವರಲ್ಲೂ ಅನೇಕರು ಯುರೋಪಿನಿಂದ ಬಂದ ವಲಸಿಗರೇ ಆಗಿದ್ದರೆಂಬುದನ್ನು ಮರೆಯಬಾರದು.

ಉತ್ತರ 2:
ಇದಕ್ಕೆ ಕ್ರಾಂತಿಯ ಭಯವನ್ನೂ ಸೇರಿಸಿ ನೋಡಬೇಕು. ದಿನಕ್ಕೆ ಎಂಟು ಗಂಟೆಯ ದುಡಿಮೆಗಾಗಿ ಚಳವಳಿ ನಡೆದಿದ್ದ ಹೊತ್ತಿನಲ್ಲಿ, 1886ರ ಮೇ 4ರಂದು ಶಿಕಾಗೋದ ಹೇಮಾರ್ಕೆಟ್‌ನ ಕಾರ್ಮಿಕ ಸಭೆಯಲ್ಲಿ ಪೊಲೀಸರ ಮೇಲೆ ಬಾಂಬ್ ಎಸೆದವರು ಯಾರೆಂಬುದು ಇಂದಿಗೂ ಖಚಿತವಾಗಿಲ್ಲ. ಆದರೂ ಸರ್ಕಾರವೆಂಬ ವ್ಯವಸ್ಥೆಯೇ ಬೇಡವೆನ್ನುವ ಎಂಟು ಜನ ಅರಾಜಕತಾವಾದಿಗಳು ಅಪರಾಧಿಗಳೆಂದು ತೀರ್ಪಾಯಿತು. ಅವರಲ್ಲಿ ಐವರು ಜರ್ಮನಿಯಲ್ಲಿ ಹುಟ್ಟಿದವರು. 1887ರ ನವೆಂಬರಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು; ಇನ್ನೊಬ್ಬರು ಅದರ ಹಿಂದಿನ ದಿನವೇ ಸೆರೆಮನೆಯಲ್ಲಿ ಸತ್ತಿದ್ದರು. ಉಳಿದಿದ್ದ ಮೂವರನ್ನು 1893ರಲ್ಲಿ ಕ್ಷಮಿಸಿ, ವಿಚಾರಣೆಯೇ ಅನ್ಯಾಯದ್ದೆಂದು ಬರೆದ ಗವರ್ನರ್ ಆಲ್ಟ್‌ಗೆಲ್ಡ್ ಕೂಡ ಜರ್ಮನಿಯಲ್ಲೇ ಹುಟ್ಟಿದವರು. ಅವರ ಧೈರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಎಂಟು ಗಂಟೆಯ ದುಡಿಮೆಯಂಥ ಸರಳ ಬೇಡಿಕೆಯನ್ನೂ ಪರದೇಶಿಗಳ ಪಿತೂರಿಯೆಂದು ಬಣ್ಣಿಸುವುದು ಅಲ್ಲಿಂದ ಮುಂದೆ ಇನ್ನಷ್ಟು ಸುಲಭವಾಯಿತು.

ಉತ್ತರ 3:
ಈ ಬಹಿಷ್ಕಾರದ ಬಿಸಿ ಭಾರತೀಯರಿಗೂ ತಟ್ಟಿದೆ. 1907ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು, ಅವರಲ್ಲಿ ಹೆಚ್ಚಿನವರು ಸಿಖ್ಖರು, ಗುಂಪೊಂದು ಊರಿನಿಂದಲೇ ಹೊರಗಟ್ಟಿತು. 1917ರ ವಲಸೆ ಕಾನೂನು ಭಾರತವನ್ನೂ ನಿಷೇಧಿತ ವಲಯಕ್ಕೆ, ಅಂದರೆ ವಲಸೆ ಬರುವುದನ್ನು ತಡೆದ ಏಷ್ಯಾದ ಪ್ರದೇಶಗಳ ಪಟ್ಟಿಗೆ, ಸೇರಿಸಿತು.

ಪ್ರಶ್ನೆ ಕೇಳಿದವರಿಗೆ ನಾನು ಹೇಳಬೇಕಾದದ್ದು 1919ರ ಉಕ್ಕಿನ ಮುಷ್ಕರದ ಬಗ್ಗೆ. ಗಾಂಪರ್ಸ್ ಅವರ ಒಕ್ಕೂಟಕ್ಕೆ ಸೇರಿದ ಸಂಘಗಳೇ ಕರೆ ಕೊಟ್ಟ ಆ ಮುಷ್ಕರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದು, ಅವರಲ್ಲಿ ಬಹಳಷ್ಟು ಮಂದಿ ಪೂರ್ವ ಮತ್ತು ದಕ್ಷಿಣ ಯುರೋಪಿನಿಂದ ಬಂದವರು. ಕಂಪನಿಗಳೂ ಪತ್ರಿಕೆಗಳೂ ಅದನ್ನು ಬೋಲ್ಶೆವಿಕ್ ಪರದೇಶಿಗಳ ದಂಗೆಯೆಂದು ಸಾರಿದವು. ಅದೇ ಡಿಸೆಂಬರಿನಲ್ಲಿ ಅರಾಜಕತಾವಾದಿ ನಾಯಕಿ ಎಮ್ಮಾ ಗೋಲ್ಡ್‌ಮನ್ ಸೇರಿದಂತೆ 249 ಜನರನ್ನು ಬ್ಯೂಫೋರ್ಡ್ ಹಡಗಿನಲ್ಲಿ ಗಡಿಪಾರು ಮಾಡಲಾಯಿತು. ಜನವರಿಯಲ್ಲಿ ಮುಷ್ಕರ ಸೋತಿತು. ಹೊರಗಿನವರು ಅಪಾಯಕಾರಿಗಳೆಂದು ಕಾರ್ಮಿಕ ನಾಯಕರೇ ದಶಕಗಳಿಂದ ಹೇಳುತ್ತ ಬಂದಿದ್ದರಿಂದ, ಅದೇ ಆರೋಪ ತಮ್ಮ ಸದಸ್ಯರ ಮೇಲೆ ಬಂದಾಗ ಅದನ್ನು ಎದುರಿಸುವ ನೈತಿಕ ಬಲ ಅವರಲ್ಲಿ ಉಳಿದಿರಲಿಲ್ಲವೆಂದು ನಾನು ಭಾವಿಸುತ್ತೇನೆ.