ನಾಲ್ಕನೇ ಅಡ್ಡರಸ್ತೆಯ ಕಟ್ಟಡದ ಸಾರುವೆ ಕುರಿತು

ನಿವಾಸಿ, ನಾಲ್ಕನೇ ಅಡ್ಡರಸ್ತೆ:
ಎಲ್ಲರಿಗೂ ನಮಸ್ಕಾರ. ನಮ್ಮ ರಸ್ತೆಯ ತಿರುವಿನಲ್ಲಿ ಏಳುತ್ತಿರುವ ನಾಲ್ಕು ಮಹಡಿಯ ಕಟ್ಟಡಕ್ಕೆ ಹೊರಗಿನ ಪ್ಲಾಸ್ಟರಿಂಗ್ ನಡೆಯುತ್ತಿದ್ದು, ಅಲ್ಲಿ ಕೆಲಸಗಾರರು ನಿಲ್ಲಲು ಪೈಪು, ಹಲಗೆಗಳಿಂದ ಕಟ್ಟಿರುವ ಸಾರುವೆಯನ್ನು ತಾವೆಲ್ಲ ಒಮ್ಮೆ ನೋಡಬೇಕು. ಚರಂಡಿಯ ಅಂಚಿನ ಪೈಪಿನ ಬುಡಕ್ಕೆ ಒಂದು ತುಂಡು ಕೆಂಪುಕಲ್ಲು ಇಟ್ಟಿದ್ದಾರೆ. ನಿನ್ನೆ ರಾತ್ರಿಯ ಮಳೆಗೆ ಅಡಿಯ ಮಣ್ಣು ಕೊಚ್ಚಿಹೋಗಿ ಕಲ್ಲು ವಾಲಿದೆ. ಮೂರನೇ ಮಹಡಿಯಲ್ಲಿ ಪೈಪನ್ನು ಕಿಟಕಿಯ ಗ್ರಿಲ್‌ಗೆ ಹಗ್ಗದಿಂದ ಬಿಗಿದಿದ್ದಾರೆ. ನಿಲ್ಲಲು ಎರಡೇ ಹಲಗೆಗಳು, ಹಿಡಿದುಕೊಳ್ಳಲು ಏನೂ ಇಲ್ಲ. ಮಳೆಗಾಲ ಹತ್ತಿರವಾಯಿತೆಂದು ತುಳುನಾಡಿನಲ್ಲಿ ಎಣಿಸುವ ಪತ್ತನಾಜೆಯ ದಿನ ಕಳೆಯಿತು, ಮಳೆ ಹಿಡಿಯುವ ಮೊದಲು ಕೆಲಸ ಮುಗಿಸುವ ಅವಸರ ಅವರದ್ದು. ಗುಂಪಿನಿಂದ ಏನು ಮಾಡಬಹುದು ಎಂದು ತಿಳಿಸಬೇಕಾಗಿ ವಿನಂತಿ.

ನಿವಾಸಿ, ಎರಡನೇ ಅಡ್ಡರಸ್ತೆ:
ಜಲ್ಲಿ ಲಾರಿಗಳು ರಸ್ತೆಗೆ ಅಡ್ಡ ನಿಲ್ಲುವ ವಿಷಯವನ್ನೂ ಇದರೊಂದಿಗೆ ಸೇರಿಸಿ. ಕಾರ್ಮಿಕರ ಮಟ್ಟಿಗೆ ಹೇಳುವುದಾದರೆ, ನಾವೇ ವಂತಿಗೆ ಎತ್ತಿ ಹೆಲ್ಮೆಟ್ ಮತ್ತು ಸೇಫ್ಟಿ ಬೆಲ್ಟ್ ಕೊಡಿಸಿದರೆ ಸಾಲದೇ?

ನಿವೃತ್ತ ಸಿವಿಲ್ ಎಂಜಿನಿಯರ್, ಮೊದಲನೇ ಅಡ್ಡರಸ್ತೆ:
ತಮ್ಮ ಉದ್ದೇಶ ಒಳ್ಳೆಯದೇ, ಆದರೆ ಬೆಲ್ಟಿನ ಕೊಕ್ಕೆಯನ್ನು ಅವರು ಎಲ್ಲಿಗೆ ಸಿಕ್ಕಿಸಬೇಕು? ಅದೇ ಅಲುಗಾಡುವ ಪೈಪಿಗೆ ಸಿಕ್ಕಿಸಿದರೆ, ಸಾರುವೆ ಮಗುಚಿದಾಗ ಮನುಷ್ಯನೂ ಅದರ ಜೊತೆಗೇ ಹೋಗುತ್ತಾನೆ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬೀಳುವವನನ್ನು ತಡೆದರೂ ಬೆನ್ನುಮೂಳೆಗೂ ಹೊಟ್ಟೆಯ ಒಳಭಾಗಕ್ಕೂ ಪೆಟ್ಟು ಕೊಡುತ್ತದೆ. ಭುಜ ಮತ್ತು ತೊಡೆಗಳನ್ನು ಸುತ್ತುವ ಪಟ್ಟಿಗಳಿರುವ ಪೂರ್ಣ ಹಾರ್ನೆಸ್ ಬೇಕು, ಅದರ ಕೊಕ್ಕೆ ತಲೆಗಿಂತ ಮೇಲೆ, ಕಟ್ಟಡದ ಗಟ್ಟಿ ಭಾಗಕ್ಕೆ ಸಿಕ್ಕಿಸಿರಬೇಕು. ಹಾರ್ನೆಸ್‌ನ ಹಗ್ಗ ಸಾಮಾನ್ಯವಾಗಿ 1.8 ಮೀಟರ್ ಇದ್ದು, ಆಘಾತ ತಗ್ಗಿಸುವ ಭಾಗ ಬಿಚ್ಚಿಕೊಂಡಾಗ ಇನ್ನೂ ಒಂದು ಮೀಟರಿನಷ್ಟು ಉದ್ದವಾಗುವುದರಿಂದ, ಮೊದಲ ಮಹಡಿಯಲ್ಲಿ ಕಾಲಿನ ಮಟ್ಟಕ್ಕೆ ಕೊಕ್ಕೆ ಹಾಕಿದವನಿಗೆ ಹಗ್ಗ ಬಿಗಿಯುವ ಮೊದಲೇ ನೆಲ ತಾಗುತ್ತದೆ.

ಆದ್ದರಿಂದ ಬೀಳದಂತೆ ತಡೆಯುವುದು ಮೊದಲು. ಪ್ರತಿ ಪೈಪಿನ ಕೆಳಗೆ ಉಕ್ಕಿನ ಬೇಸ್ ಪ್ಲೇಟ್, ಅದರಡಿ ದಪ್ಪ ಹಲಗೆ ಇರಬೇಕು. ಎತ್ತರ ಬುಡದ ಅಗಲದ ನಾಲ್ಕು ಪಟ್ಟು ಮೀರಿದರೆ ಸಾರುವೆಯನ್ನು ಕಟ್ಟಡಕ್ಕೆ ಬಿಗಿಯಬೇಕು ಎಂಬುದು ಅಮೆರಿಕದ ನಿಯಮ. ಇಲ್ಲಿ ಅಗಲ ಒಂದು ಮೀಟರ್, ಎತ್ತರ ಹನ್ನೆರಡರ ಹತ್ತಿರ, ಬಿಗಿದಿರುವುದು ಗ್ರಿಲ್‌ಗೆ! ಸಂದಿಯಿಲ್ಲದ ಹಲಗೆಗಳು, ಸೊಂಟದೆತ್ತರಕ್ಕೆ ತಡೆಗಂಬಿ, ಕೆಳಗೆ ಹೋಗುವವರ ತಲೆಯ ಮೇಲೆ ಸುತ್ತಿಗೆ ಜಾರದಂತೆ ಅಂಚುಪಟ್ಟಿ, ಹತ್ತಲು ಏಣಿ, ಇವೆಲ್ಲ ದುಬಾರಿಯವಲ್ಲ. ಸಾರುವೆಗೆಂದೇ ಐಎಸ್ 3696 ಎಂಬ ಭಾರತೀಯ ಮಾನಕವಿದೆ. ನಾನು ಗಲ್ಫ್‌ನಲ್ಲಿದ್ದಾಗ ಪರಿಶೀಲನೆಯಾದ ಸಾರುವೆಗೆ ಹಸಿರು ಚೀಟಿ ತೂಗುಹಾಕುತ್ತಿದ್ದರು, ಅದಿಲ್ಲದೆ ಯಾರೂ ಮೇಲೇರುವಂತಿರಲಿಲ್ಲ. ನಮ್ಮೂರ ಮಳೆಗೆ ಈ ಪರಿಶೀಲನೆ ಒಮ್ಮೆ ಸಾಲದು. ಜೋರು ಮಳೆಗಾಳಿ ಬಂದ ಮರುದಿನವೆಲ್ಲ ಆಗಬೇಕು.

ಶಿಕ್ಷಕಿ, ಮೂರನೇ ಅಡ್ಡರಸ್ತೆ:
ಎಂಜಿನಿಯರ್ ಸರ್ ಹೇಳಿದ್ದು ಸರಿ. ಆದರೆ ನಾವು ನೇರವಾಗಿ ದೂರು ಕೊಟ್ಟು ಕೆಲಸ ನಿಂತರೆ ಮೊದಲು ಕೂಲಿ ಕಳೆದುಕೊಳ್ಳುವವರು ಒಡಿಶಾ, ಜಾರ್ಖಂಡ್‌ಗಳಿಂದ ಬಂದಿರುವ ಆ ಕೆಲಸಗಾರರೇ. ಗುತ್ತಿಗೆದಾರರಿಗೆ ಸರಿಪಡಿಸಲು ಅವಕಾಶ ಕೊಟ್ಟು ಕೇಳೋಣ, ಸರಿಪಡಿಸುವ ದಿನಗಳ ಕೂಲಿ ಕಡಿತವಾಗಬಾರದು ಎಂದೂ ಬರೆಯೋಣ. ಕಾರ್ಮಿಕರ ಮುಖ ಕಾಣುವ ಫೋಟೋಗಳನ್ನು ಗುಂಪಿನಲ್ಲಿ ಹಾಕಬೇಡಿ.

ಗುಂಪಿನ ಸಂಚಾಲಕರು:
ಅಕ್ಕ ಹೇಳಿದಂತೆಯೇ ಮಾಡೋಣ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ನಿರ್ಮಾಣಗಳಿಗಾಗಿ 1996ರಲ್ಲಿ ಕಾಯ್ದೆ ಬಂತು, 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಅದನ್ನು ಒಳಗೊಂಡಿದೆ. ಸುರಕ್ಷತೆಯ ಹೊಣೆ ಕೆಲಸ ಮಾಡಿಸುವವರದ್ದು, ವಂತಿಗೆ ಎತ್ತುವ ನಮ್ಮದಲ್ಲ. ಇಂದು ಮಾಲೀಕರಿಗೂ ಗುತ್ತಿಗೆದಾರರಿಗೂ ಪತ್ರ ಹೋಗುತ್ತದೆ: ಬುಡ, ಬಿಗಿತ, ತಡೆಗಂಬಿ ಈ ಮೂರು ಸರಿಯಾಗುವ ತನಕ ಯಾರನ್ನೂ ಮೇಲೆ ಹತ್ತಿಸಬಾರದು. ಎರಡು ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಹಾಗೆಯೇ ಹತ್ತಿಸುವುದು ಕಂಡರೆ ಆ ದಿನವೇ, ಪ್ರತಿಗಳನ್ನು ಕಾರ್ಮಿಕ ಇಲಾಖೆಗೂ ಮಂಗಳೂರು ಮಹಾನಗರ ಪಾಲಿಕೆಗೂ ಕೊಡುತ್ತೇವೆ. ಲಾರಿಗಳ ವಿಷಯಕ್ಕೆ ಬೇರೆ ಪತ್ರ ಬರೆಯೋಣ, ಎರಡನ್ನೂ ಬೆರೆಸಿದರೆ ಅವರು ಲಾರಿ ಸರಿಸಿ ಸುಮ್ಮನಾಗುತ್ತಾರೆ. ನಾಳೆ ಬೆಳಿಗ್ಗೆ ಎಂಟಕ್ಕೆ, ಕೆಲಸ ಆರಂಭವಾಗುವ ಮೊದಲು, ಎಂಜಿನಿಯರ್ ಸರ್ ಮತ್ತು ನಾನು ಮೇಸ್ತ್ರಿಯೊಂದಿಗೆ ಮಾತನಾಡುತ್ತೇವೆ. ಹಿಂದಿ ಚೆನ್ನಾಗಿ ಬಲ್ಲವರು ಒಬ್ಬರು ಜೊತೆಗೆ ಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಆ ಕೆಲಸಗಾರರ ನೋಂದಣಿ ಆಗಿದೆಯೇ ಎಂದೂ ಕೇಳಬೇಕು. 18ರಿಂದ 60ರ ವಯಸ್ಸಿನೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದವರು ಅದಕ್ಕೆ ಅರ್ಹರು.

ನಿವಾಸಿ, ಎರಡನೇ ಅಡ್ಡರಸ್ತೆ:
ಹಿಂದಿಗೆ ನಾನು ಬರುತ್ತೇನೆ. ಲಾರಿಯ ಪತ್ರವನ್ನು ಮಾತ್ರ ಮರೆಯಬೇಡಿ.